ನಾಲ್ಕನೇ ಜ್ವರಕ್ಕೆ ಸಾವನದುರ್ಗ

ನಮ್ಮ ಮನೆಯ ಆಲ್ಬಮ್ಮಿನಲ್ಲಿ ಅಪ್ಪ ಅವ್ವ ಇಬ್ಬರೂ ಒಟ್ಟಿಗೆ ಇರುವ ಪ್ರವಾಸದ ಫೋಟೋ ಒಂದೂ ಇಲ್ಲ. ಕಣ್ವ ಡ್ಯಾಮಿನ ಏರಿ ಮೇಲೆ ಅವ್ವ ಇದ್ದಾಳೆ, ಅಪ್ಪ ಇಲ್ಲ. ಸಂಗಮದಲ್ಲಿ ಮಂಡಿವರೆಗೆ ಪಂಚೆ ಎತ್ತಿ ನೀರಿಗಿಳಿದ ಅಪ್ಪ ಇದ್ದಾನೆ, ಅವ್ವ ಇಲ್ಲ. ರಾಮದೇವರ ಬೆಟ್ಟಕ್ಕೆ ರಣಹದ್ದು ನೋಡಲು ಹೋದದ್ದು ಅವ್ವನ ಜೊತೆ, ಚನ್ನಪಟ್ಟಣದಲ್ಲಿ ಬಣ್ಣದ ಬುಗುರಿ ಕೊಂಡದ್ದು ಅಪ್ಪನ ಜೊತೆ. ನೋಡಿದವರು ಇವರಿಬ್ಬರಿಗೂ ಮಾತುಕತೆ ನಿಂತುಹೋಗಿದೆಯೇನೋ ಅಂದುಕೊಳ್ಳಬೇಕು. ಪಾಪ, ಅಪ್ಪ ಅವ್ವನ ತಪ್ಪೇನೂ ಇಲ್ಲ, ಎಲ್ಲಕ್ಕೂ ಕಾರಣ ರೇಷ್ಮೆ ಹುಳು.

ಕಲ್ಯದ ಹತ್ತಿರದ ನಮ್ಮೂರಲ್ಲಿ ನಮ್ಮದು ರೇಷ್ಮೆ ಸಾಕುವ ಮನೆ. ಹುಳು ತಿನ್ನುತ್ತಿರುವಷ್ಟು ದಿನ ಹೊತ್ತುಹೊತ್ತಿಗೆ ಸೊಪ್ಪು ಹಾಕಬೇಕು, ನೆಂಟರ ಮದುವೆಗೂ ಹೋಗುವ ಹಾಗಿಲ್ಲ. ಆದರೆ ಗೂಡು ಕಟ್ಟುವ ಮುಂಚೆ ಅವು ನಾಲ್ಕು ಸಲ ತಿನ್ನುವುದು ಬಿಟ್ಟು, ತಲೆ ಎತ್ತಿಕೊಂಡು, ಒಂದು, ಒಂದೂವರೆ ದಿನ ಕದಲದೆ ಕೂತು ಪೊರೆ ಬಿಡುತ್ತವೆ. ಅದಕ್ಕೆ ಜ್ವರ ಅನ್ನುತ್ತೇವೆ. ಆಗ ಸೊಪ್ಪಿನ ಕೆಲಸವೇ ಇಲ್ಲ. ಮೇಲೊಂದಿಷ್ಟು ಸುಣ್ಣದ ಪುಡಿ ಉದುರಿಸಿ, ಹುಳುಮನೆಯ ಬಾಗಿಲು ಮುಂದೆ ಮಾಡಿ, ಸುಮ್ಮನೆ ಬಿಡಬೇಕು. ಶಾಲೆಗೆ ದಸರಾ ರಜೆ ಕೊಟ್ಟರೆ ಕೊಡಲಿ, ನಮ್ಮ ಮನೆಗೆ ರಜೆ ಬರುತ್ತಿದ್ದದ್ದು ಹುಳು ಜ್ವರಕ್ಕೆ ಕೂತಾಗಲೇ. ಅವತ್ತೇ ಡ್ಯಾಮು, ಅವತ್ತೇ ಬೆಟ್ಟ. ಆದರೂ ಇರುವೆ ಹಲ್ಲಿ ಬಾರದಂತೆ ನೋಡಿಕೊಳ್ಳಲು, ಹುಳು ಯಾವಾಗ ಏಳುತ್ತವೆ ಎಂದು ಕಾಯಲು ಒಬ್ಬರು ಮನೆಯಲ್ಲಿ ಇರಲೇಬೇಕು. ಹಾಗಾಗಿ ಒಂದು ಸಲ ಅವ್ವನ ಸರದಿ, ಒಂದು ಸಲ ಅಪ್ಪನ ಸರದಿ.

ಅವ್ವನಿಗೆ ಇದ್ದದ್ದು ಒಂದೇ ಆಸೆ. ಸಾವನದುರ್ಗದ ನೆತ್ತಿಯ ಮೇಲೆ ಪುಟ್ಟ ಮಂಟಪದಲ್ಲಿ ಕೂತಿರುವ ಬಸವಣ್ಣನನ್ನು ಮುಟ್ಟಿ ಬರಬೇಕು. ತೋಟದ ಬದುವಿನಲ್ಲಿ ನಿಂತರೆ ಆ ಬೋಳು ಬಂಡೆ ದಿನವೂ ಕಣ್ಣೆದುರಿಗಿರುತ್ತದೆ. ಬುಡದ ವೀರಭದ್ರಸ್ವಾಮಿಗೆ ವರ್ಷಕ್ಕೊಂದು ಸಲ ಹಣ್ಣುಕಾಯಿ ಮಾಡಿಸಿಕೊಂಡು ಬರುತ್ತೇವೆ, ಆದರೆ ಅಷ್ಟರಲ್ಲೇ ಸೊಪ್ಪಿನ ಹೊತ್ತಾಗಿ ವಾಪಸು ಓಡುತ್ತೇವೆ. ಮೇಲಕ್ಕೆ ಅವಳೂ ಹೋಗಿಲ್ಲ, ಅಪ್ಪನೂ ಹೋಗಿಲ್ಲ. ಎಲ್ಲೆಲ್ಲಿಂದಲೋ ಬಂದವರು ಹತ್ತಿ ಇಳಿಯುತ್ತಾರೆ, ಎದುರಿಗೇ ಹುಟ್ಟಿ ಬೆಳೆದವರಿಗೆ ಪುರುಸೊತ್ತಿಲ್ಲ. ಹೋದ ವರ್ಷ ಮಾಗಡಿಯ ಡಾಕ್ಟರು ಅವ್ವನ ಮಂಡಿ ಸವೆದಿದೆ, ಇನ್ನೊಂದೆರಡು ವರ್ಷಕ್ಕೆ ಮೆಟ್ಟಿಲು ಹತ್ತುವುದೂ ಕಷ್ಟ ಅಂದರು. ಅವ್ವ ಮನೆಗೆ ಬಂದು ಬದುವಿನ ಮೇಲೆ ಆ ಬಂಡೆಯನ್ನೇ ನೋಡುತ್ತ ಕೂತಳು.

ನನಗೆ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಈ ಬೆಳೆಯ ನಾಲ್ಕನೇ ಜ್ವರಕ್ಕೆ ಹೋಗೇ ತೀರಬೇಕು, ಯಾರು ಅಡ್ಡ ಬಂದರೂ ಕೇಳುವುದಿಲ್ಲ ಎಂದು ಕೂಗಾಡಿದೆ. ನಿಜ ಹೇಳಬೇಕೆಂದರೆ ಯಾರೂ ಅಡ್ಡ ಬಂದಿರಲಿಲ್ಲ. ನಾನು ಶಾಲೆಯಲ್ಲಿ ಪಾಠ ಹೇಳುವವಳು, ಪುಣ್ಯಕ್ಕೆ ಜ್ವರವೂ ಭಾನುವಾರವೂ ಒಂದೇ ದಿನ ಬಿದ್ದವು. ಶನಿವಾರ ಬೆಳಗ್ಗೆ ಕೂತ ಹುಳು ಭಾನುವಾರ ಸಂಜೆಗೆ ಏಳಬಹುದು ಎಂದು ಅವ್ವ ಲೆಕ್ಕ ಹಾಕಿದಳು. ಒಂದು ವೇಳೆ ಬೇಗ ಎದ್ದರೆ ಅಪ್ಪ ಫೋನು ಮಾಡಬೇಕು, ನಾವು ಎಲ್ಲಿದ್ದರೆ ಅಲ್ಲಿಂದಲೇ ಇಳಿದು ಬರಬೇಕು. ಇದು ಅವ್ವನೇ ಹಾಕಿದ ಷರತ್ತು. ಅದಕ್ಕೆ ಕಾರಣವೂ ಇತ್ತು. ನಾಲ್ಕನೇ ಜ್ವರ ಎದ್ದ ಹುಳುವಿನ ಹಸಿವು ಸಾಮಾನ್ಯದ್ದಲ್ಲ, ಕಡ್ಡಿ ಸಮೇತ ಸೊಪ್ಪು ಕೊಯ್ದು ಹೊತ್ತು ಹಾಕುವುದು ಇಬ್ಬರ ಕೆಲಸ. ಅಪ್ಪನೋ ಸ್ಕೂಟರಿನಿಂದ ಬಿದ್ದ ಮೇಲೆ ಎಡತೋಳನ್ನು ಭುಜದಿಂದ ಮೇಲಕ್ಕೆ ಎತ್ತಲಾರ.

ಬೆಳಕು ಹರಿಯುವ ಮುಂಚೆಯೇ ನನ್ನ ಸ್ಕೂಟಿಯಲ್ಲಿ ಹೊರಟೆವು. ಬೆಟ್ಟದ ಬುಡದಲ್ಲಿ ಟಿಕೀಟು ತೆಗೆಸಿ, ವೀರಭದ್ರಸ್ವಾಮಿಗೆ ಕೈ ಮುಗಿದು, ಅವ್ವ ಚಪ್ಪಲಿ ಬಿಚ್ಚಿ ಬ್ಯಾಗಿಗೆ ಹಾಕಿಕೊಂಡಳು. ಸೆರಗು ಸೊಂಟಕ್ಕೆ ಸಿಕ್ಕಿಸಿದಳು. ಬಂಡೆಯ ಮೇಲೆ ಬಳಿದಿದ್ದ ಬಿಳಿ ಬಾಣದ ಗುರುತು ಹಿಡಿದು ಶುರುಮಾಡಿದೆವು. ನಾನು ದುಬಾರಿ ಶೂ ಹಾಕಿಕೊಂಡು ಹತ್ತು ಹೆಜ್ಜೆಗೊಂದು ಸಲ ಏದುಸಿರು ಬಿಡುತ್ತಿದ್ದೆ. ಅವ್ವ ಬರಿಗಾಲಲ್ಲಿ ಹಲ್ಲಿಯ ಹಾಗೆ ಬಂಡೆಗೆ ಅಂಟಿಕೊಂಡು ಹೋಗುತ್ತಿದ್ದಳು. ಮಂಡಿ ನೋವು ಎಲ್ಲಿಗೆ ಹೋಯಿತೋ ದೇವರೇ ಬಲ್ಲ. ಕಡಿದಾದ ಒಂದು ಕಡೆ ಬೆಂಗಳೂರಿನ ಹುಡುಗಿಯೊಬ್ಬಳು ಕಾಲು ನಡುಗಿ ಕೂತುಬಿಟ್ಟಿದ್ದಳು. ಅವ್ವ ಅವಳ ಕೈಹಿಡಿದು ಎಳೆದುಕೊಂಡೇ ಹೋಗಿ ಸಮತಟ್ಟಿನಲ್ಲಿ ಕೂರಿಸಿ, ಬೆಲ್ಲದ ಚೂರು ತಿನ್ನಿಸಿದಳು. ಆ ಹುಡುಗಿಯ ಗೆಳೆಯ ಚಿಪ್ಸಿನ ಪ್ಯಾಕೆಟ್ಟನ್ನು ಪೊದೆಗೆ ಎಸೆದಿದ್ದನ್ನು ನೋಡಿ, ಅವನ ಕೈಯಲ್ಲೇ ಅದನ್ನು ಎತ್ತಿಸಿ ಜೇಬಿಗೆ ಹಾಕಿಸಿದಳು. ನನಗೆ ಹೆಮ್ಮೆಯಾಯಿತು. ನನ್ನ ಕೋಪ ಎಲ್ಲಿಂದ ಬಂದದ್ದು ಎಂದೂ ಗೊತ್ತಾಯಿತು.

ಮುಕ್ಕಾಲು ಬೆಟ್ಟ ಮುಗಿದಾಗ ಫೋನು ಬಡಿದುಕೊಂಡಿತು. ಅಪ್ಪ. ಹುಳು ಎದ್ದೇಬಿಟ್ಟವು ಅಂದುಕೊಂಡೆ. ಮೇಲೆ ನೋಡಿದರೆ ಮಂಟಪದ ಕಂಬ ಕಾಣುತ್ತಿದೆ. ಇಲ್ಲಿಂದ ಇಳಿಯುವುದೆಂದರೆ, ಈ ಜನ್ಮದಲ್ಲಿ ಇನ್ನು ಅವ್ವ ಹತ್ತಿದ ಹಾಗೇ. ಸ್ಪೀಕರಿಗೆ ಹಾಕಿದೆ.

"ಇನ್ನೂ ಮಲ್ಗವೆ ಕಣವ್ವ, ಒಂದೂ ಎದ್ದಿಲ್ಲ," ಅಂದ ಅಪ್ಪ. "ನಿಮ್ಮವ್ವಂಗೆ ಏಳು, ಆತುರ ಬೀಳ್ಬ್ಯಾಡಿ. ಬಸವಣ್ಣನ್ನ ನೋಡ್ಕಂಡೇ ಬನ್ನಿ."

ಅವನ ಮಾತಿನ ಹಿಂದೆ ಬರಬರ ಅಂತ ಏನೋ ಸದ್ದು. ಬೆಟ್ಟದ ಮೇಲಿನ ಗಾಳಿ ಇರಬೇಕು ಅಂದುಕೊಂಡೆ. ಫೋನು ಇಟ್ಟ ಮೇಲೆ ಅವ್ವ ಬಂಡೆಯ ಮೇಲೆ ಕೂತಳು. ನಮ್ಮೂರ ದಿಕ್ಕಿಗೆ ನೋಡಿದಳು. ಸುಸ್ತಾಯಿತೇನೋ ಎಂದು ನೀರು ಕೊಟ್ಟೆ. ಆಗದಿದ್ದರೆ ಇಳಿದುಬಿಡೋಣ, ಇಲ್ಲಿವರೆಗೆ ಬಂದದ್ದೇ ಸಾಕು ಅಂದೆ. ಅವಳು ಸೆರಗಿನಲ್ಲಿ ಮುಖ ಒರೆಸಿಕೊಂಡು ಎದ್ದಳು.

"ನಡಿ ಮಗ, ಮ್ಯಾಕ್ಕೋಗಾನ."

ಬಸವಣ್ಣ ನಾವು ಅಂದುಕೊಂಡದ್ದಕ್ಕಿಂತ ಚಿಕ್ಕವನು. ಅವ್ವ ಅವನ ಕೊರಳು ತಬ್ಬಿಕೊಂಡು, ಹಣೆಗೆ ವಿಭೂತಿ ಹಚ್ಚಿ, ನಮ್ಮ ಮನೆಯ ಕರುವಿಗೆ ಹೇಳುವ ಹಾಗೆ ಏನೇನೋ ಹೇಳಿದಳು. ಕೆಳಗೆ ಮಂಚನಬೆಲೆಯ ನೀರು ಹೊಳೆಯುತ್ತಿತ್ತು. ಗಾಳಿ ಅಂದರೆ ಗಾಳಿ, ಸೆರಗು ನಿಲ್ಲುತ್ತಿಲ್ಲ. ತಿರುಗಿ ಹೋಗಲು ಅವಸರ ಮಾಡುತ್ತಾಳೆ ಅಂದುಕೊಂಡಿದ್ದೆ. ಅವಳು ಆರಾಮಾಗಿ ಕಾಲು ಚಾಚಿ ಕೂತು ಚಿತ್ರಾನ್ನದ ಡಬ್ಬಿ ಬಿಚ್ಚಿದಳು. ಅಷ್ಟು ನಿಧಾನವಾಗಿ ಅವ್ವ ಊಟ ಮಾಡಿದ್ದನ್ನು ನಾನು ಅವತ್ತೇ ನೋಡಿದ್ದು. ಖುಷಿಗೆ ನನಗೆ ಅಳು ಬಂತು, ಕಣ್ಣಿಗೆ ಧೂಳು ಬಿತ್ತು ಎಂದು ಸುಳ್ಳು ಹೇಳಿದೆ.

ಮನೆ ತಲುಪಿದಾಗ ಹೊತ್ತು ಇಳಿಮುಖವಾಗಿತ್ತು. ಅಪ್ಪ ಜಗಲಿಯ ಮೇಲೆ ಎಡತೋಳಿಗೆ ಬಿಸಿನೀರಿನ ಬಟ್ಟೆ ಸುತ್ತಿಕೊಂಡು ಕೂತಿದ್ದ. ಬೆರಳೆಲ್ಲ ಹಸಿರು, ತಲೆಗೂದಲಲ್ಲಿ ಹಿಪ್ಪುನೇರಳೆಯ ಎಲೆಚೂರು. ನಾನು ಹುಳುಮನೆಗೆ ಇಣುಕಿದೆ. ಹುಳು ಬಿಟ್ಟಿದ್ದ ಅಂಕಣದ ತುಂಬ ಸೊಪ್ಪಿನ ಕಡ್ಡಿ ಹರಡಿತ್ತು, ಹುಳುಗಳು ಅದರ ಮೇಲೆ ಬಿದ್ದು ತಿನ್ನುತ್ತಿದ್ದವು. ಬೆಳಗ್ಗೆ ನಾವು ಮಾಗಡಿ ದಾಟುವಷ್ಟರಲ್ಲೇ ಎದ್ದಿದ್ದವಂತೆ. ಇಷ್ಟನ್ನೂ ಒಬ್ಬನೇ, ಆ ತೋಳಿಟ್ಟುಕೊಂಡೇ ಕೊಯ್ದು ಹೊತ್ತಿದ್ದ. ನಾನು ಬಾಯಿಗೆ ಬಂದ ಹಾಗೆ ಬೈದೆ. ತೋಳು ಹೋದರೆ ಗತಿ ಏನು, ಸುಳ್ಳು ಯಾಕೆ ಹೇಳಬೇಕಿತ್ತು, ಅವ್ವನಿಗೆ ಗೊತ್ತಾಗಿದ್ದರೆ ಅಲ್ಲಿಂದಲೇ ಇಳಿದು ಬರುತ್ತಿದ್ದಳು ಅಂದೆ.

"ಗೊತ್ತಿತ್ತು," ಅಂದಳು ಅವ್ವ. "ಫೋನಲ್ಲಿ ಕಡ್ಡಿ ಎಳೆಯೋ ಸದ್ದು ಕೇಳುಸ್ತು. ಹುಳ ಜ್ವರದಲ್ಲಿರುವಾಗ ಯಾರಾದ್ರೂವೆ ಒಳೀಕೆ ಕಡ್ಡಿ ತತ್ತಾರಾ?"

ಬರಬರ ಅಂದದ್ದು ಗಾಳಿಯಲ್ಲ. ಅಪ್ಪ ತಲೆ ತಗ್ಗಿಸಿದ, ಸಿಕ್ಕಿಬಿದ್ದ ಕಳ್ಳನ ಹಾಗೆ ನಕ್ಕ. ಎಂಗವ್ನೆ ಬಸವಣ್ಣ ಎಂದು ಮೆಲ್ಲಗೆ ಕೇಳಿದ. ಅವ್ವ ಸೆರಗಿನ ಗಂಟು ಬಿಚ್ಚಿ ಅವನ ಹಣೆಗೆ ಮೇಲಿಂದ ತಂದ ವಿಭೂತಿ ಇಟ್ಟಳು. ಕೂದಲಲ್ಲಿದ್ದ ಎಲೆಚೂರನ್ನು ತೆಗೆದು ಹಾಕಿದಳು.

"ಮುಂದ್ಲ ಬೆಳೆ ನಾಕ್ನೇ ಜ್ವರಕ್ಕೆ ನೀವೋಗಿ ನೋಡ್ಕಂಡ್ ಬನ್ನಿ," ಅಂದಳು. "ನಾನೂವೆ ಒಂದು ಸುಳ್ಳೇಳ್ತೀನಿ."