ಫ್ಯಾನಿನವರೆಗೆ ಹಬ್ಬಿದ ಬಳ್ಳಿ

ತೊಂಬತ್ತರ ದಶಕದಲ್ಲಿ ನಾನು ಮದುವೆಯಾಗಿ ಬೈಲಹೊಂಗಲಕ್ಕೆ ಬಂದಾಗ ನಮ್ಮ ಪಡಸಾಲೆಯಲ್ಲಿ ಎಲ್ಲರಿಗಿಂತ ಹೆಚ್ಚು ಮರ್ಯಾದೆ ಇದ್ದದ್ದು ಒಂದು ಬಳ್ಳಿಗೆ. ಅತ್ತೆ ಸವದತ್ತಿಯ ತಂಗಿಯ ಮನೆಯಿಂದ ತಂದು, ನೀರಿನ ಬಾಟಲಿಯಲ್ಲಿ ಇಟ್ಟ ಮನಿ ಪ್ಲಾಂಟು. ನಮ್ಮ ಕಡೆ ಮನೆಗೇ ಮನಿ ಅನ್ನುವುದರಿಂದ ಅದು ಮನೆಯೊಳಗೇ ಬೆಳೆಯಬೇಕಾದ ಗಿಡ ಎಂಬುದರಲ್ಲಿ ಅತ್ತೆಗೆ ಸಂಶಯವಿರಲಿಲ್ಲ. ತಂಗಿ ಒಂದು ಮಾತನ್ನೂ ಹೇಳಿ ಕಳಿಸಿದ್ದಳು: ಬಳ್ಳಿ ಮೇಲಕ್ಕೆ ಹೋದರೆ ಮನೆತನ ಮೇಲಕ್ಕೆ, ತುದಿ ಕೆಳಗೆ ಜೋತುಬಿದ್ದರೆ ಮನೆತನವೂ ಹಾಗೇ.

ಅಂದಿನಿಂದ ನಮ್ಮ ಮಾವ, ಹತ್ತಿ ವ್ಯಾಪಾರದಲ್ಲಿ ಯಾರ ಮಾತನ್ನೂ ಕೇಳದ ಮನುಷ್ಯ, ಬಳ್ಳಿಯ ಸೇವೆಗೆ ನಿಂತರು. ನಮ್ಮದು ಮಣ್ಣಿನ ಗೋಡೆ. ಹೊಸ ಮೊಳೆ ಹೊಡೆದರೆ ಮೊಳೆ ನಿಲ್ಲುತ್ತಿರಲಿಲ್ಲ, ಬೊಗಸೆ ಮಣ್ಣು ಮಾತ್ರ ಉದುರುತ್ತಿತ್ತು. ಹಾಗಾಗಿ ಗಟ್ಟಿಯಾಗಿ ಕೂತಿದ್ದ ಹಳೆಯ ಮೊಳೆಗಳಿಗೆಲ್ಲ ದಾರ ಕಟ್ಟಿ ಬಳ್ಳಿಗೆ ದಾರಿ ಮಾಡಿಕೊಟ್ಟರು. ಅದು ಮುತ್ಯಾನ, ಅಂದರೆ ಮಾವನ ತಂದೆಯ, ಫೋಟೊದ ಮೊಳೆ ಹಿಡಿದು ಹೋಯಿತು. ಅವರ ಹುರಿಮೀಸೆಯ ಮೇಲೆ ಎರಡು ಎಲೆ ಬಂದು ಕೂತವು. ಕಿಟಕಿಯ ಕದಕ್ಕೆ ಸುತ್ತಿಕೊಂಡಿತು. ಕಿಟಕಿ ತೆರೆಯುವುದು ನಿಂತು, ಹಗಲಲ್ಲೇ ದೀಪ ಹಚ್ಚುವುದು ಶುರುವಾಯಿತು. ದೀಪಾವಳಿಗೆ ಸುಣ್ಣ ಹಚ್ಚಲು ಬಂದವರನ್ನು ಅತ್ತೆ ಬಾಗಿಲಿನಿಂದಲೇ ಕಳಿಸಿಬಿಟ್ಟರು. ಕೊನೆಗೆ ಬಳ್ಳಿ ತೊಲೆ ಮುಟ್ಟಿತು, ತೊಲೆಯಿಂದ ಫ್ಯಾನಿಗೆ ಕೈ ಚಾಚಿತು.

"ಇನ್ನ ಮ್ಯಾಲೆ ಫ್ಯಾನ್ ಯಾರೂ ಹಚ್ಚಬ್ಯಾಡ್ರಿ" ಎಂದರು ಅತ್ತೆ.

"ಅತ್ಯಾರ, ಬ್ಯಾಸಗಿ ಬಂತಲ್ರಿ" ಎಂದೆ.

"ಬ್ಯಾಸಗಿ ವರ್ಷಾ ಬರತೈತಿ. ಏಳಿಗಿ ವರ್ಷಾ ಬರತೈತೇನು?"

ಕಿತ್ತೂರಿನಲ್ಲಿ ಮಾಸ್ತರನಾಗಿದ್ದ ನನ್ನ ಗಂಡ ಆ ವರ್ಷ ರಜೆಯಲ್ಲೂ ಸಾಲಿಯಲ್ಲಿ ಕೆಲಸವಿದೆ ಎಂದು ಹೋಗತೊಡಗಿದ. ಅಲ್ಲಿ ಫ್ಯಾನಿತ್ತು.

ಅದೇ ಬೇಸಗೆಯಲ್ಲಿ ನನ್ನ ನಾದಿನಿಯನ್ನು ನೋಡಲು ರಾಮದುರ್ಗದಿಂದ ಹುಡುಗ, ಅವನ ತಂದೆ, ತಾಯಿ ಬಂದರು. ಪಡಸಾಲೆ ಭಟ್ಟಿಯಂತೆ ಕಾದಿತ್ತು. ಹುಡುಗನ ತಂದೆ ಟೊಪ್ಪಿಗೆ ತೆಗೆದು ಗಾಳಿ ಹಾಕಿಕೊಳ್ಳುತ್ತ, "ಫ್ಯಾನ್ ಹಚ್ಚಬಾರದೇನ್ರಿ?" ಎಂದರು.

"ಕರೆಂಟ್ ಹೋಗೇತ್ರಿ" ಎಂದರು ಮಾವ. ಅವರ ನೆತ್ತಿಯ ಮೇಲೆ ಟ್ಯೂಬ್‌ಲೈಟು ಝಗಝಗ ಉರಿಯುತ್ತಿತ್ತು. ಎಲ್ಲರೂ ತಲೆ ಎತ್ತಿ ಅದನ್ನು ನೋಡಿದರು.

"ಫ್ಯಾನಿಂದಷ್ಟ ಹೋಗೇತ್ರಿ" ಎಂದು ಅತ್ತೆ ತಿದ್ದಿದರು.

ಹುಡುಗ ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟವನು. "ವಾಯರ್ ಸಡ್ಲ ಆಗಿರಬೇಕ್ರಿ, ನೋಡತೇನಿ" ಎಂದು ಎದ್ದು, ನಾವು ಬಾಯಿ ತೆರೆಯುವುದರೊಳಗೆ ಸ್ವಿಚ್ ಒತ್ತಿಬಿಟ್ಟ.

ಫ್ಯಾನು ಬಳ್ಳಿಯನ್ನು ಸುತ್ತಿಕೊಂಡು ತಿರುಗಿತು. ದಾರಗಳು ಪಟಪಟ ಹರಿದವು, ಕಿಟಕಿ ತಾನೇ ತೆರೆದುಕೊಂಡಿತು, ಮುತ್ಯಾನ ಫೋಟೊ ಜಾರಿ ಹುಡುಗನ ತಂದೆಯ ತೊಡೆಯ ಮೇಲೆ ಬಿತ್ತು. ಎಲೆಯ ಚೂರುಗಳು ಅವಲಕ್ಕಿಯ ಮೇಲೆ ಕೊತ್ತಂಬರಿಯಂತೆ ಉದುರಿದವು. ಅಷ್ಟರಲ್ಲಿ ಚಹಾದ ತಾಟು ಹಿಡಿದು ನಾದಿನಿ ಬಂದಳು. ತಲೆ ತಗ್ಗಿಸಿಯೇ ಬರಬೇಕೆಂದು ಅತ್ತೆ ಅವಳಿಗೆ ದಿನಾ ಪಾಠ ಮಾಡಿದ್ದರು. ಅವಳು ಫ್ಯಾನು ನೋಡಿದಳು, ಹುಡುಗನ ಕ್ರಾಪಿನಲ್ಲಿ ಸಿಕ್ಕಿದ್ದ ಎಲೆ ನೋಡಿದಳು, ತಾಟನ್ನು ನೆಲಕ್ಕಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕಳು.

"ತಿಳಸತೇವ್ರಿ" ಎಂದು ಬಂದವರು ಹೊರಟರು. ಅತ್ತೆ ಬಳ್ಳಿಯ ತುಂಡುಗಳನ್ನು ಉಡಿಯಲ್ಲಿ ಕಟ್ಟಿಕೊಂಡು ಅತ್ತರು. ಮಗಳ ಸಂಬಂಧಕ್ಕೋ, ಬಳ್ಳಿಗೋ ಎಂದು ಕೇಳುವ ಧೈರ್ಯ ಯಾರಿಗೂ ಆಗಲಿಲ್ಲ.

ಕೆಲವು ದಿನಗಳ ಮೇಲೆ ರಾಮದುರ್ಗದಿಂದ ಒಪ್ಪಿಗೆ ಬಂತು. ಹುಡುಗ ಬಹಳ ಮನೆ ತಿರುಗಿದ್ದನಂತೆ. ಎಲ್ಲ ಕಡೆ ಹುಡುಗಿಯರ ಬೈತಲೆ ಕಂಡಿತ್ತು, ಮುಖ ಕಂಡದ್ದು ನಮ್ಮಲ್ಲಿ ಮಾತ್ರ ಎಂದನಂತೆ. ಅತ್ತೆ ಕಣ್ಣೊರೆಸಿಕೊಂಡು ಇಡೀ ಸಂಬಂಧವನ್ನು ಬಳ್ಳಿಯ ಪುಣ್ಯಕ್ಕೆ ಜಮಾ ಮಾಡಿದರು.

ಉಳಿದ ತುಂಡುಗಳನ್ನು ನಾನು ನೀರಲ್ಲಿಟ್ಟು ಬೇರು ಬರಿಸಿದೆ. ಮನೋಳಿಯ ನನ್ನ ತವರಿನಲ್ಲಿ ಇದೇ ಬಳ್ಳಿ ತೆಂಗಿನ ಗಿಡಕ್ಕೆ ಹಬ್ಬಿದ್ದನ್ನು ನೋಡಿದ್ದೆ. ಅದಕ್ಕೇ ಒಂದು ತುಂಡು ಪೈಪಿಗೆ ತೆಂಗಿನ ನಾರಿನ ಹಗ್ಗ ಬಿಗಿಯಾಗಿ ಸುತ್ತಿ, ಕುಂಡದಲ್ಲಿ ನಿಲ್ಲಿಸಿ, ಸುತ್ತಲೂ ಸಸಿ ನೆಟ್ಟೆ. ದಿನವೂ ಹಗ್ಗಕ್ಕೆ ನೀರು ಚಿಮುಕಿಸಿದೆ. ಗೆಣ್ಣಿನ ಬೇರುಗಳು ತಾವೇ ಹಸಿ ನಾರನ್ನು ಕಚ್ಚಿಕೊಂಡು ಮೇಲೇರಿದವು, ಎಲೆಗಳೂ ಅಂಗೈಯಗಲ ಆದವು. ಅತ್ತೆ ಸುತ್ತಲೂ ತಿರುಗಿ ನೋಡಿ, "ನಮ್ಮ ಏಳಿಗಿ ಈ ಪೈಪಿನ ಮಟ್ಟಾ ಅಷ್ಟ ಏನು?" ಎಂದರು.

ಫ್ಯಾನಿನ ಕೆಳಗೆ ಕಣ್ಣು ಮುಚ್ಚಿ ಮಲಗಿದ್ದ ಮಾವ, "ನಮಗ ಅಷ್ಟ ಸಾಕು" ಎಂದರು.

ಮದುವೆ ಮುಗಿದು ಮಗಳನ್ನು ಕಳಿಸುವ ದಿನ ಅತ್ತೆ ಆ ಕುಂಡವನ್ನೂ ಟೆಂಪೊಕ್ಕೆ ಹತ್ತಿಸಿದರು. ಟೆಂಪೊ ನಮ್ಮ ಓಣಿಯ ಚಾಚಾನದು. ಅವನು ಪೈಪನ್ನು ಮಲಗಿಸಲು ಹೋದಾಗ ಅತ್ತೆ ಕೂಗಿದರು, "ಅಡ್ಡ ಹಾಕಬ್ಯಾಡ್ರಿ ಚಾಚಾ, ತುದಿ ಮ್ಯಾಲಽ ಇರಬೇಕು!"

"ಅಕ್ಕಾರ, ಮದುಮಗಳು ಕುಂತ ಬರಾಕ ತಯಾರ ಅದಾಳ, ನಿಮ್ಮ ಗಿಡಾ ನಿಂತಽ ಬರಬೇಕಂತೀರಿ!" ಎಂದ ಚಾಚಾ.

ಯರಗಟ್ಟಿ ದಾಟಿ ರಾಮದುರ್ಗ ಮುಟ್ಟುವತನಕ ನಾದಿನಿ ಅರಿಷಿಣದ ಕೈಯಲ್ಲಿ ಪೈಪು ಹಿಡಿದು ಕೂತಿದ್ದಳಂತೆ. ರಸ್ತೆಯ ತಗ್ಗು ಬಂದಾಗಲೆಲ್ಲ ಹೊಸ ಅಳಿಯ ಎರಡೂ ಕಾಲಿಂದ ಕುಂಡವನ್ನು ಅವುಚಿ ಹಿಡಿಯುತ್ತಿದ್ದನಂತೆ.