ಮಸಾಲೆ ಪುಡಿಯ ಮೇಲೆ ಹೊರಿಸಿದ್ದು

ಎಂಬತ್ತರ ದಶಕದ ನಡುವಿನಲ್ಲಿ ಗಲ್ಫಿನ ಥುಕ್ಬಾ ಪೇಟೆಯ ಒಂದು ಕೋಣೆಯಲ್ಲಿ ನಾವು ಐದು ಮಂದಿ ಇದ್ದೆವು. ಐವರಿಗೂ ಒಂದೇ ಕಕ್ಕಸು. ಮೂರು ವಾರ ಅದನ್ನು ನಾನೊಬ್ಬನೇ ಆಳಿದೆ ಎಂದರೆ ತಪ್ಪಲ್ಲ.

ನನಗೆ ಸಕ್ಕರೆ ಕಾಯಿಲೆ ಇದೆಯೆಂದು ಆಗಷ್ಟೇ ಗೊತ್ತಾಗಿತ್ತು. ಕಂಪೆನಿಗೆ ತಿಳಿದರೆ ವಾಸದ ಪರವಾನಗಿಯಾದ ಇಕಾಮಾ ನವೀಕರಿಸದೆ ಊರಿಗೆ ಅಟ್ಟುತ್ತಾರೆಂಬ ಭಯಕ್ಕೆ ಯಾರಿಗೂ ಹೇಳಲಿಲ್ಲ. ಡಾಕ್ಟರು ಕೊಟ್ಟ ಮಾತ್ರೆಯನ್ನು ಊಟದ ಜೊತೆ ನುಂಗಬೇಕಿತ್ತು. ಊಟಕ್ಕೆ ಎಲ್ಲರೂ ಒಟ್ಟಿಗೇ ಕೂರುವುದರಿಂದ ನಾನು ಮೊದಲೇ ಕಕ್ಕಸಿಗೆ ಹೋಗಿ ಖಾಲಿ ಹೊಟ್ಟೆಗೆ ನುಂಗಿ ಬರುತ್ತಿದ್ದೆ. ಊಟ ಮುಗಿಸಿ ಏಳುವುದರೊಳಗೆ ಹೊಟ್ಟೆ ಗುಡುಗುಡು ಎನ್ನುತ್ತಿತ್ತು, ಮತ್ತೆ ಓಟ. ಸದ್ದು ಹೊರಗೆ ಕೇಳಿಸಬಾರದೆಂದು ನಲ್ಲಿ ಬಿಟ್ಟು ಕೂರುತ್ತಿದ್ದೆ. ಹೊರಗಿನವರು ರೇಡಿಯೊ ಜೋರು ಮಾಡುತ್ತಿದ್ದರು. ಅದು ಇನ್ನೂ ದೊಡ್ಡ ಅವಮಾನ.

ಒಂದು ದಿನ ಪಕ್ಕದ ಮಂಚದವನು ಕೇಳಿಯೇ ಬಿಟ್ಟ. "ಕಾಕನ ಮಸಾಲೆ ಹೊಟ್ಟೆಗೆ ಹಿಡಿಸುದಿಲ್ಲ ಮಾರಾಯ," ಎಂದೆ. ಬಾಯಿಗೆ ಬಂದದ್ದನ್ನು ಹೇಳಿದ್ದೆ.

ಕಾಕ ನಮ್ಮಲ್ಲಿ ಹಿರಿಯರು, ಪುತ್ತೂರು ಕಡೆಯ ಬ್ಯಾರಿ. ಗೋಡೌನಿನ ಕೆಲಸ ಮುಗಿಸಿ ಬಂದು ನಮಗೆಲ್ಲ ಅಡುಗೆ ಮಾಡುತ್ತಿದ್ದರು. ಅದು ಅವರ ಹೆಮ್ಮೆ. ಮೀನು ಸಾರಿನ ಪುಡಿಯನ್ನು ಅವರ ಹೆಂಡತಿಯೇ ಹುರಿದು, ಕುಟ್ಟಿ, ವರ್ಷಕ್ಕಾಗುವಷ್ಟು ಡಬ್ಬದಲ್ಲಿ ತುಂಬಿಸಿ ಕೊಟ್ಟಿದ್ದರು. ನನ್ನ ಮಾತು ಕಿವಿಗೆ ಬಿದ್ದದ್ದೇ ಕಾಕ ಆ ಡಬ್ಬ ತಂದು ನನ್ನ ಮೂಗಿನ ಹತ್ತಿರ ಹಿಡಿದರು.

"ಒಮ್ಮೆ ಮೂಸಿ ನೋಡು ಮಾರಾಯ. ಹಾಳಾಗಿದೆಯಾ ಎಂತ?"

ಹುರಿದ ಕೊತ್ತಂಬರಿ ಘಮ್ಮೆಂದಿತು. ನಿಜ ಹೇಳಲು ಅದಕ್ಕಿಂತ ಒಳ್ಳೆಯ ಸಮಯ ಇರಲಿಲ್ಲ.

"ಸ್ವಲ್ಪ ಮುಗ್ಗಲು ವಾಸನೆ ಉಂಟು ಕಾಕಾ," ಎಂದೆ.

ಅವರು ಇಡೀ ಪುಡಿಯನ್ನು ಕಸಕ್ಕೆ ಸುರಿದರು.

ಮುಂದಿನ ವಾರ, ಖಾಲಿ ಹೊಟ್ಟೆಗೆ ಮಾತ್ರೆ ನುಂಗಿದ್ದಕ್ಕೆ ಡಾಕ್ಟರು ನನಗೆ ಚೆನ್ನಾಗಿ ಉಗಿದರು. ಆಮೇಲೆ ಮಾತ್ರೆಯನ್ನು ಅನ್ನದ ತುತ್ತಿನೊಳಗೆ ಅಡಗಿಸಿ ನುಂಗತೊಡಗಿದೆ. ನಾಲ್ಕೈದು ದಿನಕ್ಕೆ ಹೊಟ್ಟೆ ಸರಿಯಾಯಿತು. ಆ ಹೊತ್ತಿಗೆ ಕಾಕ ಅಂಗಡಿಯ ಪುಡಿ ಹಾಕುತ್ತಿದ್ದರು. "ಕಂಡೆಯಾ, ಪುಡಿಯದ್ದೇ ತೊಂದರೆ," ಎಂದರು.

ಶುಕ್ರವಾರ ಜುಮಾ ನಮಾಜು ಮುಗಿಸಿ ಬಂದವರೇ ಕಾಗದ ಹಿಡಿದು ನನ್ನೆದುರು ಕುಳಿತರು. ಅವರಿಗೆ ಓದು ಬರಹ ಬಾರದು. ಹೆಂಡತಿಗೆ ಅವರ ಪತ್ರಗಳನ್ನು ಬರೆಯುತ್ತಿದ್ದವನು ನಾನು.

"ಮೆಣಸು ಸರಿ ಒಣಗಿಲ್ಲ ಕಾಣ್ತದೆ, ಇಲ್ಲೊಬ್ಬನಿಗೆ ಹೊಟ್ಟೆ ಕೆಟ್ಟಿತು ಅಂತ ಬರಿ. ಮೆಲ್ಲ ಬರಿ ಮಾರಾಯ, ಅವಳಿಗೆ ಬೇಜಾರಾಗ್ಬಾರ್ದು."

ಬರೆದೆ. ಅವರು ಹೇಳಿದ್ದಕ್ಕಿಂತಲೂ ಮೆಲ್ಲಗೆ ಬರೆದೆ. ಅಷ್ಟಕ್ಕೇ ದೊಡ್ಡ ಉಪಕಾರ ಮಾಡಿದ ಹಾಗೆ ಸಮಾಧಾನಪಟ್ಟುಕೊಂಡೆ.

ತಿಂಗಳಾದ ಮೇಲೆ ಉತ್ತರ ಬಂತು. ಓದಿ ಹೇಳಬೇಕಾದವನೂ ನಾನೇ. ಮಗಳ ಕೈಯಲ್ಲಿ ಬರೆಸಿದ್ದರು: ನನ್ನಿಂದ ತಪ್ಪಾಯಿತು, ಇನ್ನು ಎರಡು ಬಿಸಿಲು ಹೆಚ್ಚು ಒಣಗಿಸುತ್ತೇನೆ, ಹೊಟ್ಟೆ ಕೆಟ್ಟವರಿಗೆ ಈಗ ಹೇಗುಂಟು?

ಆ ಕೊನೆಯ ಸಾಲನ್ನು ನಾಚಿಕೆಯಿಂದ ಗಡಿಬಿಡಿಯಲ್ಲಿ ಓದಿ ಕಾಗದ ಮಡಚಿದೆ. ಕಾಕ ನನ್ನ ಬೆನ್ನು ತಟ್ಟಿದರು.

"ಗುಣ ಆಯ್ತು ಅಂತ ಬರಿ," ಎಂದರು.

ಅದನ್ನೂ ಬರೆದೆ.