ಆವಾಜ್ ಬಂದ್ ಮಾಡಿದ ಟಿವಿ

ಎಲ್ಲೋರಾದ ಕೈಲಾಸ ದೇವಾಲಯವನ್ನು ಆಕಾಶದಿಂದ ಇಳಿದು ಬಂದವರು ಕಡೆದರು ಎಂದು ನನ್ನ ಅಪ್ಪ ಹೇಳಿದ್ದು ಕಳೆದ ಚಳಿಗಾಲದಲ್ಲಿ. ಛತ್ರಪತಿ ಸಂಭಾಜಿನಗರದಲ್ಲಿರುವ ಅಕ್ಕನ ಮನೆಯ ಸೋಫಾದ ಮೇಲೆ, ಚುರುಮುರಿ ಬಟ್ಟಲು ತೊಡೆಯ ಮೇಲಿಟ್ಟುಕೊಂಡು ಕುಳಿತಿದ್ದರು. ತಮಾಷೆಗೆ ಹೇಳುತ್ತಿದ್ದಾರೆ ಎಂದುಕೊಂಡು ನಾನು ನಕ್ಕೆ. ಅಪ್ಪ ನಗಲಿಲ್ಲ. ಸುಮ್ಮನೆ ನೋಡು ಎನ್ನುವಂತೆ ಟಿವಿಯ ಕಡೆ ಗದ್ದ ತೋರಿಸಿದರು.

ಟಿವಿಯಲ್ಲಿ ಗಡಸು ದನಿಯವನೊಬ್ಬ ಹಿಂದಿಯಲ್ಲಿ ಪ್ರಶ್ನೆಯ ಮೇಲೆ ಪ್ರಶ್ನೆ ಕೇಳುತ್ತಿದ್ದ. ಒಂದೇ ಬಂಡೆಯಲ್ಲಿ ಇಷ್ಟು ದೊಡ್ಡ ಗುಡಿ ಕಡೆಯುವುದು ಮನುಷ್ಯರಿಂದ ಸಾಧ್ಯವೇ? ಕಡಿದು ತೆಗೆದ ಕಲ್ಲೆಲ್ಲ ಎಲ್ಲಿ ಮಾಯವಾಯಿತು? ಪ್ರತಿ ಪ್ರಶ್ನೆಗೂ ಹಿಂದಿನಿಂದ ಡಬ್ ಎಂದು ನಗಾರಿ. ಉತ್ತರ ಹುಡುಕುವ ಗೋಜಿಗೆ ಯಾರೂ ಹೋಗಲಿಲ್ಲ. ಕಂಪ್ಯೂಟರಿನಲ್ಲಿ ಬಿಡಿಸಿದ ಹಾರುವ ತಟ್ಟೆಯೊಂದು ಗುಡಿಯ ಮೇಲೆ ಬಂದು ನಿಂತು ನೀಲಿ ಬೆಳಕು ಬಿಟ್ಟಿತು, ಕಲ್ಲು ಬೆಣ್ಣೆಯ ಹಾಗೆ ಕರಗಿತು. ಆಮೇಲೆ ಜಾಹೀರಾತು: ಕೆಟ್ಟ ದೃಷ್ಟಿ ತಾಗದಂತೆ ಕಾಯುವ ಲಾಕೆಟ್. ಪರದೆಯ ಮೂಲೆಯಲ್ಲಿದ್ದ ಚಾನೆಲ್ಲಿನ ಗುರುತನ್ನು ಆಗ ನೋಡಿದೆ. ಅದೇ ಚಾನೆಲ್. ಅದನ್ನು ನೋಡಿಯೇ ನಾನು ದೊಡ್ಡವಳಾಗಿದ್ದೆ, ನೋಡಿಸಿದವರು ಇದೇ ಅಪ್ಪ.

ನಾವು ಬೆಳೆದದ್ದು ನಾಶಿಕ್ ಹತ್ತಿರದ ಓಝರ್‌ನಲ್ಲಿ, ವಿಮಾನ ಕಾರ್ಖಾನೆಯ ಕಾಲನಿಯಲ್ಲಿ. ಅಪ್ಪ ಸೇಡಂ ಕಡೆಯವರು, ಕಾರ್ಖಾನೆಯ ಟೂಲ್ ರೂಮಿನಲ್ಲಿ ಕೆಲಸ. ಪಿಂಪಳಗಾಂವ್ ಬಸವಂತ್‌ನ ಅಂಗಡಿಯಿಂದ ಈರುಳ್ಳಿ ಟೆಂಪೋದಲ್ಲಿ ಬಂದ ಟಿವಿ ನಮ್ಮದು. ತಿಂಗಳುಗಟ್ಟಲೆ ಅದರ ಪೆಟ್ಟಿಗೆ ಈರುಳ್ಳಿಯ ವಾಸನೆ ಹೊಡೆಯುತ್ತಿತ್ತು. ಕೇಬಲ್ಲಿನಲ್ಲಿ ವಿಜ್ಞಾನದ ಚಾನೆಲ್ ಬರಲು ಶುರುವಾದಾಗ ಅದರ ಮಾತೆಲ್ಲ ಇಂಗ್ಲಿಷ್, ಅದೂ ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಮಾತಾಡಿದಂತಹ ಇಂಗ್ಲಿಷ್. ಅಪ್ಪನಿಗೆ ಅದು ಅರ್ಥವಾಗುತ್ತಿರಲಿಲ್ಲ. ಅವರು ಎದ್ದು ಹೋಗಿ ಆವಾಜ್ ಬಂದ್ ಮಾಡಿ, ಟಿವಿಯ ಪಕ್ಕದಲ್ಲಿ ಸ್ಟೂಲ್ ಹಾಕಿಕೊಂಡು ತಾವೇ ಶುರು ಮಾಡಿದರು: "ನೋಡ್ರಿ ಈಗ."

ಅದೇ ವಾಡಿಕೆಯಾಯಿತು. ಭಾನುವಾರ ಬೆಳಗ್ಗೆ ತಲೆಸ್ನಾನ ಮುಗಿಸಿ ಅಕ್ಕಪಕ್ಕದ ಕ್ವಾರ್ಟರ್ಸಿನ ಕನ್ನಡದ ಮನೆಗಳ ಮಕ್ಕಳೂ ನಮ್ಮಲ್ಲಿಗೆ ಬರುತ್ತಿದ್ದರು. ಬೀದರಿನವರು, ಕಲಬುರಗಿಯವರು, ಧಾರವಾಡ ಕಡೆಯ ಒಂದು ಮನೆ. ನಾವೆಲ್ಲ ಬಯಲಲ್ಲಿ ಮರಾಠಿ, ಶಾಲೆಯಲ್ಲಿ ಹಿಂದಿ. ನಮ್ಮ ಕನ್ನಡವೆಂದರೆ ಹಸಿವಾಗಿದೆ, ಊಟ ಆಯಿತು, ಅಣ್ಣ ಹೊಡೆದ, ಇಷ್ಟೇ. ರೆಕ್ಕೆ, ಕಿವಿರು, ಸುಳಿ, ಗರ್ಭ, ಹೆಪ್ಪು, ಈ ಮಾತುಗಳೆಲ್ಲ ನನಗೆ ಸಿಕ್ಕಿದ್ದು ಆ ಸ್ಟೂಲಿನಿಂದ. ದಿನವಿಡೀ ಕಾರ್ಖಾನೆಯಲ್ಲಿ ತುಟಿ ಬಿಚ್ಚದ ಮನುಷ್ಯ ಭಾನುವಾರ ಬಂತೆಂದರೆ ಮೊಸಳೆಯ ಪರವಾಗಿಯೂ ಮಾತಾಡುತ್ತಾನೆ ಎಂದು ಅಮ್ಮ ರೇಗಿಸುತ್ತಿದ್ದಳು.

ಅಪ್ಪ ಹೇಳಿದ್ದರಲ್ಲಿ ತಪ್ಪುಗಳೂ ಧಾರಾಳವಾಗಿದ್ದವು. ಪೆಂಗ್ವಿನ್ನು ಅವರ ಬಾಯಲ್ಲಿ ಚಳಿಯೂರಿನ ಬಾತುಕೋಳಿ. ತಿಮಿಂಗಿಲವನ್ನು ಒಂದು ವಾರ ದೊಡ್ಡ ಮೀನು ಮಾಡಿದರು. ಮುಂದಿನ ಭಾನುವಾರ ಎಲ್ಲರೂ ಬಂದು ಕುಳಿತ ಮೇಲೆ, ಟಿವಿ ಹಚ್ಚುವ ಮೊದಲೇ, ಹೋದ ವಾರ ತಾನು ತಪ್ಪು ಹೇಳಿದ್ದೆ, ಅದು ಮರಿಗೆ ಹಾಲು ಕುಡಿಸುವ ಪ್ರಾಣಿ, ಕಾಲನಿಯ ಲೈಬ್ರರಿಯಲ್ಲಿ ನೋಡಿಕೊಂಡು ಬಂದೆ ಎಂದರು. ಮಕ್ಕಳೆದುರು ಹಾಗೆ ಹೇಳುವುದಕ್ಕೆ ಅವರಿಗೆ ಒಂದಿಷ್ಟೂ ನಾಚಿಕೆಯಿರಲಿಲ್ಲ. ಚಿತ್ರ ಏನು ತೋರಿಸುತ್ತಿದೆ ಎಂದೇ ಹೊಳೆಯದಿದ್ದಾಗ ಅವರದು ಒಂದೇ ಮಾತು: "ಇದು ನನಗ ಗೊತ್ತಿಲ್ಲ. ಮುಂದ ನೋಡಮ್." ಈಗ ನಾಶಿಕ್‌ನ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುವ ನಾನು ಆ ಮಾತಿಗಿಂತ ದೊಡ್ಡದನ್ನು ಯಾವ ಪ್ರೊಫೆಸರರಿಂದಲೂ ಕಲಿಯಲಿಲ್ಲ.

ಅದೇ ಅಪ್ಪ ನಮ್ಮನ್ನು ಮೊದಲ ಸಲ ಕೈಲಾಸಕ್ಕೆ ಕರೆದುಕೊಂಡು ಹೋಗಿದ್ದರು. ಇದು ನಮ್ಮ ಮಳಖೇಡದ ರಾಜರು ಕಡೆಸಿದ್ದು, ನಮ್ಮೂರಿನಿಂದ ಕೂಗಳತೆ ದೂರದವರು ಎಂದು ಸ್ವಂತ ಸೋದರಮಾವನ ಮನೆ ತೋರಿಸುವವರ ಹಾಗೆ ಬೀಗಿದರು. ಗೋಡೆಯಲ್ಲಿ ಉಳಿಯ ಗುರುತುಗಳು ಸಾಲಾಗಿದ್ದ ಕಡೆ ನನ್ನ ಬೆರಳು ಹಿಡಿದು ಆ ಗೀರಿನೊಳಗೆ ಎಳೆದರು. ಮೇಲಿನಿಂದ ಕೆಳಕ್ಕೆ ಕಡೆಯುತ್ತಾ ಬಂದವರಿಗೆ ಕೆಳಗಿನ ಆನೆಯ ಕಾಲು ಎಲ್ಲಿ ಬರುತ್ತದೆಂದು ಮೊದಲೇ ಹೇಗೆ ತಿಳಿಯಿತು ಎಂದು ನಾನು ಕೇಳಿದೆ. ಅಪ್ಪ ಬಹಳ ಹೊತ್ತು ಮೇಲೆ ನೋಡಿದರು. ಆಮೇಲೆ, ಗೊತ್ತಿಲ್ಲ ಎಂದರು, ಸಂತೋಷದಿಂದ.

ಆ ಚಾನೆಲ್ ಕೊಳೆತದ್ದು ಒಂದೇ ದಿನದಲ್ಲಲ್ಲ. ಮೊದಲು ಇರುವೆ, ಅಗ್ನಿಪರ್ವತ, ಹೃದಯದ ಆಪರೇಷನ್ ಹೋದವು. ಅವುಗಳ ಜಾಗಕ್ಕೆ ಮಂಜಿನಲ್ಲಿ ಲಾರಿ ಓಡಿಸುವವರು ಬಂದರು. ಹೋಗಲಿ, ಲಾರಿಯಲ್ಲಿ ಎಂಜಿನ್ನಾದರೂ ಇರುತ್ತದೆ ಎಂದು ಸಮಾಧಾನ ಮಾಡಿಕೊಂಡೆ. ಆಮೇಲೆ ಯಾರದೋ ಹಳೆಯ ಗೋದಾಮಿನ ಬೀಗ ಒಡೆದು ಸಾಮಾನು ಹರಾಜು ಹಾಕುವವರು, ಕಾಡಿಗೆ ಹೋಗಿ ಹುಳ ತಿಂದು ಕ್ಯಾಮೆರಾದ ಎದುರು ಎದೆ ತಟ್ಟಿಕೊಳ್ಳುವವರು. ಅದರ ಹಿಂದೆಯೇ ದೆವ್ವ ಹಿಡಿಯುವ ಯಂತ್ರ, ಮುಳುಗಿದ ನಿಧಿ, ಶಾಪಗ್ರಸ್ತ ಬಾವಿ. ಇಷ್ಟಾದರೂ ಹೆಸರು ಬದಲಾಗಲಿಲ್ಲ. ಅಂಗಡಿಯ ಬೋರ್ಡಿನಲ್ಲಿ ಹಾಲು ಎಂದು ಬರೆದು ಒಳಗೆ ಸುಣ್ಣದ ನೀರು ಅಳೆದು ಕೊಡುವ ಕೆಲಸ ಇದು. ಬಡಪಾಯಿ ದೆವ್ವದ ಸಿನಿಮಾ ತಾನು ಸಿನಿಮಾ ಎಂದು ಒಪ್ಪಿಕೊಳ್ಳುತ್ತದೆ, ಇವರಿಗೆ ಅಷ್ಟೂ ಮಾನವಿಲ್ಲ.

ನಾಶಿಕ್‌ನ ನಮ್ಮ ಕೇಬಲ್ಲಿನವನಿಗೆ ಫೋನ್ ಮಾಡಿ ಆ ಚಾನೆಲ್ ತೆಗೆದುಹಾಕು ಎಂದೆ. ಅದು ಜ್ಞಾನದ ಪ್ಯಾಕಿನಲ್ಲಿದೆ ಮೇಡಂ, ಒಂದನ್ನೇ ತೆಗೆಯಲು ಬರುವುದಿಲ್ಲ ಎಂದ. ಆ ಪ್ಯಾಕಿನಲ್ಲಿ ಇನ್ನೇನಿದೆ ಎಂದು ಕೇಳಿದೆ. ರಾಶಿಫಲ ಹೇಳುವ ಚಾನೆಲ್, ಅಡುಗೆಯದೊಂದು, ಮತ್ತೆ ಇದು. ಮಕ್ಕಳಿರುವ ಮನೆಯವರೆಲ್ಲ ಇದನ್ನೇ ತೆಗೆದುಕೊಳ್ಳುತ್ತಾರೆ ಮೇಡಂ ಎಂದು ಅವನು ಸೇರಿಸಿದ. ನಾನು ಫೋನ್ ಇಟ್ಟು ಟಿವಿಯ ತಂತಿಯನ್ನೇ ಕಿತ್ತೆ. ನನ್ನ ಮನೆಯ ಮಟ್ಟಿಗೆ ಪೀಡೆ ತೊಲಗಿತು ಎಂದು ಬೀಗುತ್ತಿದ್ದಾಗ, ಅದು ಅಕ್ಕನ ಮನೆಯಲ್ಲಿ ಅಪ್ಪನ ಪಕ್ಕದಲ್ಲೇ ಕುಳಿತಿತ್ತು.

ಅಮ್ಮ ತೀರಿಕೊಂಡ ಮೇಲೆ ಅಪ್ಪ ಅಕ್ಕನ ಜೊತೆ ಇರಲು ಹೋದರು. ಅಲ್ಲಿ ಅವರಿಗೆ ಯಾವುದಕ್ಕೂ ಕೊರತೆಯಿಲ್ಲ. ಟಿವಿಯ ಪಕ್ಕದಲ್ಲಿ ಸ್ಟೂಲ್ ಮಾತ್ರ ಇಲ್ಲ. ಅಕ್ಕನ ಮಗಳು ಹತ್ತನೇ ತರಗತಿ. ಕನ್ನಡ ತಿಳಿಯುತ್ತದೆ, ಉತ್ತರ ಮರಾಠಿಯಲ್ಲಿ ಕೊಡುತ್ತಾಳೆ. ಹೋದ ಹೊಸತರಲ್ಲಿ ಅಪ್ಪ ಅಲ್ಲಿಯೂ ಆವಾಜ್ ಬಂದ್ ಮಾಡಲು ನೋಡಿದರಂತೆ. ಈಗ ಎಲ್ಲವೂ ಹಿಂದಿಯಲ್ಲೇ ಬರುತ್ತದೆ, ಎಲ್ಲರಿಗೂ ಅರ್ಥವಾಗುತ್ತದೆ, ನೀವು ಯಾಕೆ ಗಂಟಲು ನೋಯಿಸಿಕೊಳ್ಳುತ್ತೀರಿ ಎಂದು ಅಕ್ಕ ಪ್ರೀತಿಯಿಂದಲೇ ಹೇಳಿದಳು. ಅಪ್ಪ ರಿಮೋಟ್ ಕೊಟ್ಟು ಸೋಫಾದಲ್ಲಿ ಕುಳಿತರು. ಅಷ್ಟು ವರ್ಷ ಆ ಪೆಟ್ಟಿಗೆಯ ಬಾಯಿ ಮುಚ್ಚಿಸಿ ತಾವು ಮಾತಾಡಿದವರು ಈಗ ಅದು ಹೇಳಿದ್ದನ್ನು ಕೇಳತೊಡಗಿದರು. ಅವರ ನಂಬಿಕೆ ಹಳೆಯದು, ಚಾನೆಲ್ ಹೊಸದು. ಅದು ಬದಲಾಗಿದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಆ ಸಂಜೆ ನಾನು ವಾದ ಮಾಡಲಿಲ್ಲ. ನಾಳೆ ಎಲ್ಲರೂ ಕೈಲಾಸಕ್ಕೆ ಹೋಗೋಣ ಎಂದೆ ಅಷ್ಟೆ. ಕಲ್ಲಿನ ಎದುರು ನಿಂತರೆ ಆ ಗಡಸು ದನಿ ಅವರ ಕಿವಿಯಿಂದ ತಾನಾಗಿ ಇಳಿದೀತು ಎಂಬ ಆಸೆ. ಅಪ್ಪ ನನ್ನ ಮಾತು ಒಪ್ಪಬೇಕೆಂದೇನೂ ನನಗಿರಲಿಲ್ಲ. ಅವರ ಬಾಯಿಂದ ಇನ್ನೊಂದು ಸಲ, ನನಗ ಗೊತ್ತಿಲ್ಲ, ಮುಂದ ನೋಡಮ್ ಎಂದು ಕೇಳಬೇಕಿತ್ತು. ಅದಿಲ್ಲದಿದ್ದರೆ ನನ್ನ ಅಪ್ಪ ನನಗೆ ಉಳಿಯುವುದಿಲ್ಲ ಎಂಬ ಹೆದರಿಕೆ ನನಗಿತ್ತು.

ದೌಲತಾಬಾದ್ ಕೋಟೆಯ ಕೆಳಗೆ ಕಾರು ನಿಲ್ಲಿಸಿ ಪೇರಲೆ ಕೊಂಡೆವು. ಅಪ್ಪ ಉಪ್ಪು ಖಾರ ಹಚ್ಚಿಸಿಕೊಂಡು ತಿಂದರು, ಖುಷಿಯಲ್ಲಿದ್ದರು. ಗುಡಿಯ ಅಂಗಳದಲ್ಲಿ ಕಾಲಿಟ್ಟಾಗ ನೋಡಿದರೆ ಅಲ್ಲಿಯೂ ಅದೇ ಪಿಡುಗು. ಮೊಬೈಲನ್ನು ಕೋಲಿಗೆ ಸಿಕ್ಕಿಸಿಕೊಂಡ ಇಬ್ಬರು ನೀಲಿ ಬೆಳಕು ಬಿದ್ದ ಜಾಗ ಇದೇ ಎಂದು ಕ್ಯಾಮೆರಾಕ್ಕೆ ಹೇಳುತ್ತಿದ್ದರು. ಒಂದು ಕುಟುಂಬ ಆಕಾಶಕ್ಕೆ ಕತ್ತೆತ್ತಿ ನಿಂತಿತ್ತು. ಎದುರಿಗೆ ಆನೆಗಳು, ಸ್ತಂಭ, ಅಷ್ಟೆತ್ತರದ ಶಿಖರ. ಇವರಿಗೆ ಬೇಕಾದದ್ದು ಮಾತ್ರ ಅಲ್ಲಿ ಇಲ್ಲದ ತಟ್ಟೆ. ತಲೆತಲಾಂತರ ಉಳಿ ಹಿಡಿದು ಕಲ್ಲಿನ ಧೂಳು ಕುಡಿದವರ ದುಡಿಮೆಯನ್ನು ಹೀಗೆ ಒರೆಸಿ ಹಾಕುವುದನ್ನು ಕಂಡು ನನಗೆ ಉಗಿಯಬೇಕೆನಿಸಿತು.

ನಾನು ಅಕ್ಕನ ಮಗಳನ್ನು ಆ ಹಳೆಯ ಗೋಡೆಯ ಹತ್ತಿರ ಕರೆದುಕೊಂಡು ಹೋಗಿ ಅವಳ ಬೆರಳನ್ನು ಗೀರಿನೊಳಗೆ ಇಟ್ಟೆ. ಅಜ್ಜ ನನಗೆ ತೋರಿಸಿದ್ದು ಇದು ಎಂದೆ. ಅವಳು ಒಂದರ ಪಕ್ಕದ ಇನ್ನೊಂದನ್ನು ಮುಟ್ಟುತ್ತಾ ಹೋದಳು. ಹುಡುಗಿಗೆ ತಲೆ ಇದೆ. ತಿರುಗಿ ಅಪ್ಪನನ್ನು ಮರಾಠಿಯಲ್ಲಿ ಕೇಳಿದಳು: "ಅಜ್ಜಾ, ಮಗ ಹ್ಯಾ ಖುಣಾ ಕಸಲ್ಯಾ?" ಆಕಾಶದವರು ಬೆಳಕಿನಿಂದ ಕರಗಿಸಿದ್ದಾದರೆ ಈ ಗುರುತುಗಳು ಎಲ್ಲಿಂದ ಬಂದವು ಎಂದು ಅವಳ ಪ್ರಶ್ನೆ.

ಅಪ್ಪ ಗೋಡೆಯ ಹತ್ತಿರ ಬಂದು ಕನ್ನಡಕ ಸರಿ ಮಾಡಿಕೊಂಡರು. ಕೈಯನ್ನು ಕಲ್ಲಿನ ಮೇಲೆ ಇಟ್ಟರು. ಅವರು ಮೊಮ್ಮಗಳ ಕಡೆ ಬಗ್ಗಿ, ಗುಟ್ಟು ಹೇಳುವಂತೆ ಹೇಳಿದರು: "ಅವು ಆಮ್ಯಾಲ ಮಾಡಿದ್ದು. ಯಾರಿಗೂ ಗೊತ್ತಾಗಬಾರದು ಅಂತ ಅವರೇ ಮಾಡಿಟ್ಟು ಹೋಗ್ಯಾರ."

ನನ್ನ ಪಿತ್ತ ನೆತ್ತಿಗೇರಿತು. ಆ ಕಲ್ಲಿನ ಗುಣ, ಉಳಿ, ಸುತ್ತಿಗೆ, ಕಡಿದ ಕಲ್ಲನ್ನು ಬೇರೆ ಕಟ್ಟಡಕ್ಕೂ ದಾರಿಗೂ ಒಯ್ಯುವುದು ಎಷ್ಟು ಸಹಜ, ಎಲ್ಲವನ್ನೂ ಒಂದೇ ಉಸಿರಿನಲ್ಲಿ ಹೇಳಿದೆ. ಕಾಲೇಜಿನಲ್ಲಿ ಕೊನೆಯ ಬೆಂಚಿನವರಿಗೆ ಹೇಳುವ ದನಿಯಲ್ಲಿ ಹೇಳಿದೆ. ಮಳಖೇಡದ ರಾಜರು ಏನಾದರು ಎಂದು ಕೇಳಿದೆ. ಅಪ್ಪ ಸಿಟ್ಟಾಗಲಿಲ್ಲ. ಏನೂ ಅರಿಯದ ಕೂಸನ್ನು ನೋಡುವಂತೆ ನನ್ನನ್ನು ನೋಡಿ, ರಾಜರು ಇದ್ದರು, ಅವರಿಗೆ ಹೇಳಿಕೊಟ್ಟವರು ಬೇರೆ ಎಂದರು. ನೀನು ಕಾಲೇಜಿನಲ್ಲಿ ಕಲಿಸುವುದನ್ನು ಕಲಿಸು, ಇದನ್ನೆಲ್ಲ ಪುಸ್ತಕದಲ್ಲಿ ಹಾಕುವುದಿಲ್ಲ ಎಂದೂ ಹೇಳಿದರು. ಅಕ್ಕ ನನ್ನ ತೋಳು ಚಿವುಟಿ, ಹಸಿವಾಗಿದೆ, ನಡೆಯಿರಿ ಎಂದಳು.

ಮನೆಗೆ ಬಂದು ಚಹಾ ಕುಡಿದೆವು. ಸೂರ್ಯ ಇನ್ನೂ ಪೂರ್ತಿ ಮುಳುಗಿರಲಿಲ್ಲ. ಅಪ್ಪ ಟಿವಿ ಹಚ್ಚಿದರು. ಯಾವ ಪುಣ್ಯವೋ, ಅಂದು ಅದರಲ್ಲಿ ತಟ್ಟೆಯಿರಲಿಲ್ಲ. ಅಗಲವಾದ ಕೆಸರು ನದಿ, ದಡದಲ್ಲಿ ಒಂದು ಮೊಸಳೆ, ಅದರ ಬಾಯಲ್ಲಿ ಅದರದೇ ಮರಿಗಳು. ಓಝರ್‌ನಲ್ಲಿ ಇಂತಹದ್ದೇ ಒಂದನ್ನು ನೋಡಿ ನಾನು ಚೀರಿದ್ದೆ. ಅಯ್ಯೋ, ತಿನ್ನುತ್ತಿಲ್ಲ, ನೀರಿಗೆ ಒಯ್ಯುತ್ತಿದ್ದಾಳೆ, ಕೈಯಿಲ್ಲದ ತಾಯಿ ಇನ್ನು ಹೇಗೆ ಎತ್ತಿಕೊಳ್ಳಬೇಕು ಎಂದು ಅಪ್ಪ ಅಂದು ಸ್ಟೂಲಿನಿಂದ ಹೇಳಿದ್ದರು.

ರಿಮೋಟ್ ಎತ್ತಿ ನಾನು ಆವಾಜ್ ಬಂದ್ ಮಾಡಿದೆ. ಅಡುಗೆಮನೆಯ ಸ್ಟೂಲ್ ತಂದು ಟಿವಿಯ ಪಕ್ಕದಲ್ಲಿಟ್ಟೆ. ಅಕ್ಕನ ಮಗಳು ಮೊಬೈಲಿನಿಂದ ತಲೆ ಎತ್ತಿದಳು. ಬಾಗಿಲಿಗೆ ಬಂದ ಅಕ್ಕನಿಗೆ ನಾನು ಏನು ಮಾಡುತ್ತಿದ್ದೇನೆಂದು ಕೂಡಲೇ ಅರ್ಥವಾಯಿತು, ಅವಳೂ ಅಲ್ಲೇ ನಿಂತಳು. ಮೊಸಳೆ ಸದ್ದಿಲ್ಲದೆ ನೀರಿಗಿಳಿಯುತ್ತಿತ್ತು. ನೋಡ್ರಿ ಈಗ ಎನ್ನುವ ಎರಡು ಮಾತಿಗಾಗಿ ನಾವು ಮೂವರೂ ಅಪ್ಪನನ್ನೇ ನೋಡಿದೆವು.

ಅಪ್ಪ ಪರದೆಯನ್ನು ನೋಡಿದರು. ಸ್ಟೂಲನ್ನು ನೋಡಿದರು. ಹುಬ್ಬು ಗಂಟಾಯಿತು, ತುಟಿ ಸ್ವಲ್ಪ ಅಲುಗಿತು. ಆಮೇಲೆ ನನ್ನ ಕೈಯಲ್ಲಿದ್ದ ರಿಮೋಟಿನ ಕಡೆ ಬೆರಳು ಮಾಡಿದರು.

"ಆವಾಜ್ ಚಾಲೂ ಮಾಡವ್ವಾ," ಎಂದರು. "ಅವರು ಹೇಳಲಿಲ್ಲಂದ್ರ ನನಗ ಹ್ಯಾಂಗ ಗೊತ್ತಾಗಬೇಕು?"

ನಾನು ಗುಂಡಿ ಒತ್ತಿದೆ. ನಗಾರಿ ಡಬ್ ಎಂದಿತು. ಈ ನದಿಗೆ ಶಾಪವಿದೆಯೇ ಎಂದು ಗಡಸು ದನಿ ಕೇಳಿತು. ಅಪ್ಪ ನೆಮ್ಮದಿಯಿಂದ ಹಿಂದಕ್ಕೆ ಒರಗಿದರು. ನಾನು ಸ್ಟೂಲನ್ನು ಅಡುಗೆಮನೆಗೆ ಒಯ್ದಿಟ್ಟೆ.